ಮನೆಯ ಕಡಲತೊಟ್ಟಿಯಲ್ಲಿ ಪಾಚಿಯ ಬೆಳೆ
ಉಪ್ಪುನೀರಿನ ಮತ್ಸ್ಯಾಲಯಕ್ಕೆ ಒಂದು ಸಹಜ ಶೋಧಕ

ಕಡಲಿಲ್ಲದ ಊರಿನಲ್ಲಿ ಕಡಲಮೀನು

ನಾಗಪುರದ ಪೂರ್ವಭಾಗದಲ್ಲಿರುವ ಕಳಮನಾ, ಕೃಷಿ ಉತ್ಪನ್ನಗಳ ಸಗಟು ಮಾರುಕಟ್ಟೆಗೆ ಹೆಸರಾದ ಪ್ರದೇಶ. ವಿದರ್ಭದ ಕಿತ್ತಳೆ, ಧಾನ್ಯ, ಮೆಣಸಿನಕಾಯಿಗಳು ಇಲ್ಲಿಗೆ ಬಂದಿಳಿಯುತ್ತವೆ. ದೇಶದ ನಡುಭಾಗದಲ್ಲಿರುವ ಈ ನಗರದಿಂದ ಅರಬ್ಬೀ ಸಮುದ್ರವೂ ನೂರಾರು ಕಿಲೋಮೀಟರು ದೂರ, ಬಂಗಾಳ ಕೊಲ್ಲಿಯೂ ನೂರಾರು ಕಿಲೋಮೀಟರು ದೂರ. ಇಂತಹ ಊರಿನಲ್ಲಿ ಗಾಜಿನ ತೊಟ್ಟಿಯೊಂದರಲ್ಲಿ ಕಡಲಮೀನುಗಳನ್ನು ಸಾಕುವುದು ಸಾಧ್ಯವೇ ಎಂದು ಕೇಳಿದರೆ, ಸಾಧ್ಯ ಎಂದೇ ಉತ್ತರ. ಆದರೆ ಕಾರವಾರದಲ್ಲಿಯೋ ಮಲ್ಪೆಯಲ್ಲಿಯೋ ಇರುವವರಿಗೆ ಬಾಗಿಲಿನಲ್ಲೇ ದೊರೆಯುವ ನೀರನ್ನು ಕಳಮನಾದ ನಿವಾಸಿಯು ಲೀಟರು ಲೀಟರಾಗಿ ತಾನೇ ತಯಾರಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಒಮ್ಮೆ ತಯಾರಿಸಿದ ನೀರನ್ನು ಬಹುಕಾಲ ಶುದ್ಧವಾಗಿ ಉಳಿಸಿಕೊಳ್ಳುವ ವಿಧಾನ ಅಲ್ಲಿ ಹೆಚ್ಚು ಮಹತ್ವ ಪಡೆಯುತ್ತದೆ.

ಬೆಂಗಳೂರು, ಕಲಬುರಗಿ, ಹುಬ್ಬಳ್ಳಿಗಳಂತಹ ಒಳನಾಡಿನ ಎಲ್ಲ ಊರುಗಳಿಗೂ ಈ ಮಾತು ಸಲ್ಲುತ್ತದೆ. ಇದಕ್ಕೆ ನೆರವಾಗುವ ವಿಧಾನಗಳಲ್ಲಿ ಸರಳವೂ ಕಡಿಮೆ ಖರ್ಚಿನದೂ ಆದುದು ಕಡಲಪಾಚಿಯ ಮೂಲಕ ನೀರನ್ನು ಶೋಧಿಸುವುದು. ಈ ವಿಧಾನದ ತತ್ತ್ವ, ಅಳವಡಿಕೆ, ಮಿತಿ ಹಾಗೂ ಇದರೊಂದಿಗೆ ಬರುವ ಹೊಣೆಗಾರಿಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ತೊಟ್ಟಿಯ ನೀರು ಕೆಡುವ ಬಗೆ

ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗವು ಅದರ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರವೂ ಕೊಳೆತು ಅಮೋನಿಯಾ ಆಗುತ್ತದೆ. ಅಮೋನಿಯಾ ಮೀನಿಗೆ ವಿಷ. ನೀರಿನ ಕ್ಷಾರೀಯತೆ ಮತ್ತು ಉಷ್ಣತೆ ಹೆಚ್ಚಿದಷ್ಟೂ ಅದರ ವಿಷ ಹೆಚ್ಚುತ್ತದೆ. ಕಡಲನೀರು ಸ್ವಭಾವತಃ ಕ್ಷಾರೀಯವಾದುದರಿಂದ, ಸಿಹಿನೀರಿನ ತೊಟ್ಟಿಯಲ್ಲಿ ಮೀನು ಹೇಗೋ ತಡೆದುಕೊಳ್ಳುವ ಪ್ರಮಾಣದ ಅಮೋನಿಯಾವೇ ಕಡಲತೊಟ್ಟಿಯಲ್ಲಿ ಅದರ ಪ್ರಾಣಕ್ಕೆ ಎರವಾಗಬಹುದು.

ತೊಟ್ಟಿಯ ಮರಳು, ಕಲ್ಲುಗಳ ಮೇಲೆ ನೆಲೆಸುವ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಮತ್ತೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಈ ಎರಡು ಗುಂಪುಗಳು ಹೊಸ ತೊಟ್ಟಿಯಲ್ಲಿ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಈ ಅವಧಿ ಮುಗಿಯುವ ಮುನ್ನವೇ ಮೀನನ್ನು ತಂದು ಬಿಡುವುದು, ಹೊಸಬರ ತೊಟ್ಟಿಗಳಲ್ಲಿ ಮೀನುಗಳು ಸಾಯಲು ಒಂದು ಮುಖ್ಯ ಕಾರಣ.

ನೈಟ್ರೇಟಿನ ವಿಷ ಅಮೋನಿಯಾಕ್ಕಿಂತ ಬಹಳ ಕಡಿಮೆ. ಆದರೆ ಅದು ಆಮ್ಲಜನಕವಿರುವ ನೀರಿನಲ್ಲಿ ತಾನಾಗಿ ನಾಶವಾಗುವುದಿಲ್ಲ. ದಿನದಿಂದ ದಿನಕ್ಕೆ ಶೇಖರವಾಗುತ್ತ ಹೋಗುತ್ತದೆ. ಆಹಾರದಿಂದ ಬರುವ ಫಾಸ್ಫೇಟ್ ಕೂಡ ಹೀಗೆಯೇ ಕೂಡುತ್ತದೆ. ಇವೆರಡೂ ಹೆಚ್ಚಾದಾಗ ಗಾಜು, ಕಲ್ಲುಗಳ ಮೇಲೆಲ್ಲ ಲೋಳೆಪಾಚಿ ಹರಡುತ್ತದೆ, ಮೀನುಗಳು ಸೊರಗುತ್ತವೆ, ಸೂಕ್ಷ್ಮ ಜೀವಿಗಳು ಅಳಿಯುತ್ತವೆ. ತೆರೆದ ಕಡಲಿನಲ್ಲಿ ಈ ತ್ಯಾಜ್ಯ ಅಪಾರ ಜಲರಾಶಿಯಲ್ಲಿ ಹಂಚಿಹೋಗಿ, ಸಸ್ಯಪ್ಲವಕಗಳಿಗೂ ಕಡಲಪಾಚಿಗೂ ಆಹಾರವಾಗುತ್ತದೆ. ಗಾಜಿನ ತೊಟ್ಟಿಗೆ ಅಂತಹ ಹೊರದಾರಿ ಇಲ್ಲ.

ಕಡಲಪಾಚಿ ಮಾಡುವ ಕೆಲಸ

ಕಾರವಾರ, ಗೋಕರ್ಣ, ಮುರುಡೇಶ್ವರದ ಕಡಲಂಚಿನ ಬಂಡೆಗಳ ಮೇಲೆ ಮಳೆಗಾಲ ಕಳೆದ ಬಳಿಕ ಹಸಿರು, ಕಂದು, ಕೆಂಪು ಬಣ್ಣದ ಕಡಲಪಾಚಿಗಳು ಬೆಳೆಯುವುದನ್ನು ಕರಾವಳಿಯವರು ಬಲ್ಲರು. ಕೊಳದ ನೀರನ್ನು ಹಸಿರಾಗಿಸುವ ಸೂಕ್ಷ್ಮ ಪಾಚಿಗಿಂತ ಭಿನ್ನವಾಗಿ ಇವು ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡವು. ನೆಲದ ಗಿಡಗಳಂತೆ ಇವುಗಳಿಗೆ ನೀರು, ಸಾರ ಹೀರುವ ನಿಜವಾದ ಬೇರುಗಳಿಲ್ಲ. ಇಡೀ ಮೈಯಿಂದಲೇ ನೀರಿನಲ್ಲಿ ಕರಗಿದ ಸಾರಜನಕ, ರಂಜಕಗಳನ್ನು ಹೀರಿಕೊಂಡು, ಬೆಳಕಿನ ನೆರವಿನಿಂದ ದ್ಯುತಿಸಂಶ್ಲೇಷಣೆ ನಡೆಸಿ ಬೆಳೆಯುತ್ತವೆ. ನಮಗೆ ಕಸವಾದ ಅಮೋನಿಯಾ, ನೈಟ್ರೇಟ್, ಫಾಸ್ಫೇಟ್‌ಗಳೇ ಅವುಗಳಿಗೆ ಗೊಬ್ಬರ. ಅನೇಕ ಕಡಲಪಾಚಿಗಳು ಅಮೋನಿಯಾವನ್ನು ನೇರವಾಗಿಯೇ ಹೀರಬಲ್ಲವಾದ್ದರಿಂದ, ಬ್ಯಾಕ್ಟೀರಿಯಾಗಳ ಹೊರೆಯನ್ನೂ ಅವು ಒಂದಿಷ್ಟು ತಗ್ಗಿಸುತ್ತವೆ.

ಈ ತಿಳಿವಳಿಕೆ ಹೊಸದೇನಲ್ಲ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದು, ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸಿ ಗಾಳಿಯಾಡಿಸುತ್ತ ಸಾಕಿದರು. ಮುಂದೆ ಅವುಗಳ ಜೊತೆ ಕಡಲಪಾಚಿಯನ್ನೂ ಇರಿಸಿದರು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ನೀರಿನ ಪ್ರಾಣಿ ಮತ್ತು ಸಸ್ಯಗಳು ಒಂದನ್ನೊಂದು ಪೋಷಿಸುವ ಸಮತೋಲವನ್ನು ಪ್ರಯೋಗದಿಂದ ವಿವರಿಸಿದರು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಅವರು ಬಲೆಯ ಮೇಲೆ ಪಾಚಿಯನ್ನು ತೆಳುವಾಗಿ ಬೆಳೆಸಿ, ನಿಯತವಾಗಿ ಕೆರೆದು ತೆಗೆಯುವ ಶೋಧಕವನ್ನು ರೂಪಿಸಿದರು. ಇಂದು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಪಂಜರದ ಮೀನುಕೃಷಿಯ ಪಕ್ಕದಲ್ಲಿಯೇ ಕಡಲಪಾಚಿ ಬೆಳೆಸುವ ಸಂಯುಕ್ತ ಪದ್ಧತಿಯನ್ನು ಪ್ರಾತ್ಯಕ್ಷಿಕೆಗಳ ಮೂಲಕ ತೋರಿಸಿಕೊಟ್ಟಿದೆ. ಮೀನಿನ ತ್ಯಾಜ್ಯ ಪಾಚಿಗೆ ಗೊಬ್ಬರವಾಗುವ ಈ ತತ್ತ್ವವೇ ಮನೆಯ ತೊಟ್ಟಿಯಲ್ಲಿಯೂ ಕೆಲಸ ಮಾಡುತ್ತದೆ.

ಕೊಯ್ಲೇ ಶೋಧನೆ

ಪಾಚಿಯನ್ನು ತೊಟ್ಟಿಯಲ್ಲಿ ಇರಿಸಿದ ಮಾತ್ರಕ್ಕೆ ಶೋಧನೆ ಮುಗಿಯಿತೆಂದು ಭಾವಿಸುವುದು ತಪ್ಪು. ಪಾಚಿ ಹೀರಿದ ಸಾರಜನಕ ಪಾಚಿಯ ಮೈಯಲ್ಲಿದೆ, ಪಾಚಿ ತೊಟ್ಟಿಯಲ್ಲಿದೆ. ಎಂದರೆ ತ್ಯಾಜ್ಯ ಇನ್ನೂ ತೊಟ್ಟಿಯೊಳಗೇ ಇದೆ. ಬೆಳೆದ ಪಾಚಿಯನ್ನು ಕೊಯ್ದು ಹೊರಗೆ ತೆಗೆದಾಗ ಮಾತ್ರ ಅದು ನಿಜವಾಗಿ ಹೊರಹೋಗುತ್ತದೆ.

ಕಳಮನಾದ ಮಾರುಕಟ್ಟೆಯ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಅಲ್ಲಿಗೆ ಬರುವ ಪ್ರತಿಯೊಂದು ಗಾಡಿ ಕಿತ್ತಳೆಯೂ ತೋಟದ ಮಣ್ಣಿನಿಂದ ಒಂದಿಷ್ಟು ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ಹೊತ್ತು ತಂದಿರುತ್ತದೆ. ರೈತನಿಗೆ ಅದು ನಷ್ಟ; ಆದುದರಿಂದಲೇ ಪ್ರತಿವರ್ಷ ಗೊಬ್ಬರ ಹಾಕಿ ಆತ ಅದನ್ನು ತುಂಬಿಕೊಡುತ್ತಾನೆ. ಮತ್ಸ್ಯಾಲಯದ ಒಡೆಯನಿಗೆ ಇದೇ ನಷ್ಟ ಲಾಭವಾಗುತ್ತದೆ. ಅವನ ತೊಟ್ಟಿಗೆ ಮೀನಿನ ಆಹಾರದ ರೂಪದಲ್ಲಿ ಗೊಬ್ಬರ ದಿನವೂ ಬೀಳುತ್ತಲೇ ಇರುತ್ತದೆ. ಅದನ್ನು ಹೊರಗೆ ಸಾಗಿಸುವ ಬೆಳೆ ಅವನಿಗೆ ಬೇಕು.

ಒಂದು ಅಂದಾಜು ಲೆಕ್ಕ

ನೂರು ಲೀಟರು ನೀರಿನ ತೊಟ್ಟಿಯಲ್ಲಿ ಎರಡು ಮೂರು ಚಿಕ್ಕ ಮೀನುಗಳಿದ್ದು, ದಿನಕ್ಕೆ ಅರ್ಧ ಗ್ರಾಂ ಒಣ ಆಹಾರ ಹಾಕಲಾಗುತ್ತದೆ ಎಂದು ಭಾವಿಸೋಣ. ತಿಂಗಳಿಗೆ 15 ಗ್ರಾಂ ಆಹಾರವಾಯಿತು. ಅದರಲ್ಲಿ ಶೇಕಡಾ 45ರಷ್ಟು ಪ್ರೋಟೀನು ಇದ್ದು, ಪ್ರೋಟೀನಿನಲ್ಲಿ ಶೇಕಡಾ 16ರಷ್ಟು ಸಾರಜನಕವಿರುವುದರಿಂದ, ಒಟ್ಟು ಸಾರಜನಕ ಸುಮಾರು 1.08 ಗ್ರಾಂ. ಇದರ ಕಾಲುಭಾಗ ಮೀನಿನ ಮೈಗೆ ಸೇರಿದರೂ ಉಳಿದ 0.81 ಗ್ರಾಂ ನೀರಿಗೆ ಬರುತ್ತದೆ. ಇದು ಪೂರ್ತಿಯಾಗಿ ನೈಟ್ರೇಟ್ ಆದಾಗ ಸುಮಾರು 3.6 ಗ್ರಾಂ ಆಗುತ್ತದೆ. ಎಂದರೆ ಲೀಟರಿಗೆ ತಿಂಗಳಿಗೆ 36 ಮಿಲಿಗ್ರಾಂ, ವಾರಕ್ಕೆ ಸುಮಾರು 8.4 ಮಿಲಿಗ್ರಾಂ ಏರಿಕೆ.

ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರನ್ನು ಬದಲಿಸುವುದು ವಾಡಿಕೆ. ಪ್ರತಿವಾರ ಹತ್ತು ಲೀಟರು ಹೊಸ ನೀರು ಹಾಕಿದರೆ, ಲೀಟರಿಗೆ 35 ಗ್ರಾಂನಂತೆ ವರ್ಷಕ್ಕೆ 18 ಕಿಲೋಗ್ರಾಂ ಕಡಲ ಉಪ್ಪು ಬೇಕು. ಇಷ್ಟು ಮಾಡಿದರೂ ನೈಟ್ರೇಟ್ ಪ್ರಮಾಣ ಏರುತ್ತ ಹೋಗಿ ಕೊನೆಗೆ 80ರಿಂದ 90 ಮಿಲಿಗ್ರಾಂ ನಡುವೆ ನಿಲ್ಲುತ್ತದೆ. ಅದನ್ನು 20 ಮಿಲಿಗ್ರಾಂ ಆಸುಪಾಸಿನಲ್ಲಿ ಇರಿಸಬೇಕಾದರೆ ವಾರಕ್ಕೆ 30 ಲೀಟರಿಗೂ ಹೆಚ್ಚು ನೀರು ಬದಲಿಸಬೇಕು. ಅದಕ್ಕೆ ವರ್ಷಕ್ಕೆ 50 ಕಿಲೋಗ್ರಾಂಗೂ ಮೀರಿದ ಉಪ್ಪು ಬೇಕಾಗುತ್ತದೆ.

ಈಗ ಪಾಚಿಯ ಲೆಕ್ಕ. ನೀರು ಹಿಂಡಿದ ಹಸಿ ಪಾಚಿಯಲ್ಲಿ ಹತ್ತನೆಯ ಒಂದು ಭಾಗ ಒಣ ಪದಾರ್ಥವೆಂದೂ, ಅದರಲ್ಲಿ ಶೇಕಡಾ 3ರಷ್ಟು ಸಾರಜನಕವೆಂದೂ ಹಿಡಿದರೆ, 100 ಗ್ರಾಂ ಪಾಚಿಯೊಂದಿಗೆ 0.3 ಗ್ರಾಂ ಸಾರಜನಕ ಹೊರಹೋಗುತ್ತದೆ. ಇದು ನೂರು ಲೀಟರು ನೀರಿನಿಂದ ಲೀಟರಿಗೆ 13 ಮಿಲಿಗ್ರಾಂ ನೈಟ್ರೇಟನ್ನು ತೆಗೆದುದಕ್ಕೆ ಸಮ. ವಾರಕ್ಕೆ ಸುಮಾರು 50 ಗ್ರಾಂ, ಎಂದರೆ ಒಂದು ಹಿಡಿ ಪಾಚಿಯನ್ನು ಕೊಯ್ದರೆ, ತೊಟ್ಟಿಗೆ ಬರುವ ತ್ಯಾಜ್ಯ ಸಾರಜನಕದ ಮುಕ್ಕಾಲು ಪಾಲು ಹೊರಹೋದಂತಾಗುತ್ತದೆ. ಆಗ ಅದೇ ಹತ್ತು ಲೀಟರಿನ ಬದಲಾವಣೆಯಿಂದಲೇ ನೈಟ್ರೇಟ್ 20ರ ಆಸುಪಾಸಿಗೆ ಇಳಿಯುತ್ತದೆ. ಪಾಚಿಯ ಜಾತಿ, ಬೆಳಕು, ಆಹಾರಗಳಿಗೆ ಅನುಗುಣವಾಗಿ ಈ ಅಂಕಿಗಳು ಹೆಚ್ಚುಕಡಿಮೆ ಆಗುತ್ತವೆಯಾದರೂ, ವಾರದ ಒಂದು ಹಿಡಿ ಪಾಚಿಯ ಬೆಲೆ ಎಷ್ಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯಾವ ಪಾಚಿ ಸೂಕ್ತ?

ಮನೆಯ ಬಳಕೆಗೆ ಹಲವು ಜಾತಿಗಳಿದ್ದರೂ ಮುಖ್ಯವಾದುವು ಕೆಳಕಂಡ ನಾಲ್ಕು.

1. ಕೀಟೋಮಾರ್ಫ: ಹಸಿರು ನೂಲಿನ ಉಂಡೆಯಂತೆ ಕಾಣುತ್ತದೆ. ಎಲ್ಲಿಗೂ ಅಂಟಿಕೊಳ್ಳದೆ ತೇಲುತ್ತ ಬೆಳೆಯುವುದರಿಂದ ಕೊಯ್ಯುವುದು ಸುಲಭ. ಹೊಸಬರಿಗೆ ಇದೇ ಉತ್ತಮ.

2. ಗ್ರಾಸಿಲೇರಿಯ: ಕವಲೊಡೆದ ಕೆಂಪು ಪಾಚಿ. ಅಗರ್ ತಯಾರಿಕೆಯಲ್ಲಿ ಬಳಕೆಯಾಗುವ ಜಾತಿಗಳು ಇದರಲ್ಲಿವೆ. ಬೆಳವಣಿಗೆ ನಿಧಾನವಾದರೂ, ಕೊಯ್ದ ಪಾಚಿ ಸಸ್ಯಾಹಾರಿ ಮೀನುಗಳಿಗೆ ಒಳ್ಳೆಯ ಆಹಾರ.

3. ಅಲ್ವ: ತೆಳುವಾದ ಹಸಿರು ಹಾಳೆಯಂತಹುದು. ಬೇಗ ಬೆಳೆಯುತ್ತದೆ, ತುಣುಕಾಗಿ ನೀರಿನಲ್ಲಿ ಹರಡುವ ಗುಣವಿರುವುದರಿಂದ ಪಂಪಿನ ಬಾಯಿಗೆ ಬಲೆ ಕಟ್ಟುವುದು ಅಗತ್ಯ.

4. ಕಾಲರ್ಪ: ನೋಟಕ್ಕೆ ಸುಂದರ, ಬೆಳವಣಿಗೆಯೂ ಶೀಘ್ರ. ಆದರೆ ಇದು ಸಂತಾನೋತ್ಪತ್ತಿಗೆ ತೊಡಗಿದಾಗ ಇಡೀ ಸಸ್ಯದ ಸತ್ವ ಒಮ್ಮೆಲೇ ನೀರಿಗೆ ಸೋರಿ, ನೀರು ಹಸಿರಾಗಿ ಕದಡುತ್ತದೆ, ಉಳಿದ ಸಸ್ಯ ಬಿಳಿಚಿಕೊಳ್ಳುತ್ತದೆ, ಆಮ್ಲಜನಕ ಕುಸಿಯುತ್ತದೆ. ಅನುಭವ ಇಲ್ಲದವರು ಇದನ್ನು ದೂರವಿಡುವುದೇ ಲೇಸು.

ಹೊಸದಾಗಿ ತಂದ ಪಾಚಿಯನ್ನು ನೇರವಾಗಿ ತೊಟ್ಟಿಗೆ ಹಾಕಬಾರದು. ಪ್ರತ್ಯೇಕ ಪಾತ್ರೆಯ ಉಪ್ಪುನೀರಿನಲ್ಲಿ ತೊಳೆದು, ಕೆಲವು ದಿನ ಬೆಳಕಿನಲ್ಲಿ ಇರಿಸಿ, ಅದರೊಂದಿಗೆ ಬಂದ ಏಡಿ, ಹುಳು, ಬೇರೆ ಪಾಚಿಗಳನ್ನು ಆರಿಸಿ ತೆಗೆಯತಕ್ಕದ್ದು. ಆರಂಭಕ್ಕೆ ಒಂದು ಹಿಡಿ ಸಾಕು.

ಪಾಚಿಕೋಣೆಯ ರಚನೆ

ಮೀನುಗಳು ಪಾಚಿಯನ್ನು ಕಿತ್ತು ತಿನ್ನದಂತೆ ಹಾಗೂ ಅದಕ್ಕೆ ಪ್ರತ್ಯೇಕ ಬೆಳಕು ದೊರೆಯುವಂತೆ ಮುಖ್ಯ ತೊಟ್ಟಿಗೆ ಹೊಂದಿಕೊಂಡು ಒಂದು ಚಿಕ್ಕ ತೊಟ್ಟಿಯನ್ನು ಇರಿಸುವುದು ರೂಢಿ. ಇದನ್ನು ಪಾಚಿಕೋಣೆ ಎನ್ನಬಹುದು. ನೂರು ಲೀಟರಿನ ತೊಟ್ಟಿಗೆ 20 ಲೀಟರಿನ ಪಾಚಿಕೋಣೆ ಸಾಕು. ಅದನ್ನು ಮುಖ್ಯ ತೊಟ್ಟಿಗಿಂತ ತುಸು ಎತ್ತರದಲ್ಲಿ ಗಟ್ಟಿಯಾದ ಹಲಗೆಯ ಮೇಲೆ ಇರಿಸಿ, ಗಂಟೆಗೆ 200ರಿಂದ 300 ಲೀಟರು ನೀರೆತ್ತುವ ಚಿಕ್ಕ ಪಂಪಿನಿಂದ ನೀರನ್ನು ಮೇಲೆ ಕಳುಹಿಸಬೇಕು. ನೀರು ಪಾಚಿಯ ನಡುವೆ ಹರಿದು, ಎದುರುಬದಿಯ ಕೊಳವೆಯಿಂದ ತಾನಾಗಿ ಕೆಳಕ್ಕೆ ಇಳಿಯುತ್ತದೆ. ಹೊರಹೋಗುವ ಬಾಯಿಗೆ ಪ್ಲಾಸ್ಟಿಕ್ ಬಲೆ ಇರಬೇಕು. ಲೋಹದ ಬಲೆ ಕೂಡದು.

ವಿದ್ಯುತ್ ನಿಂತಾಗ ಪಂಪಿನ ಕೊಳವೆಯ ಮೂಲಕ ಮೇಲಿನ ನೀರು ಹಿಂದಕ್ಕೆ ಹರಿದು ಮುಖ್ಯ ತೊಟ್ಟಿ ತುಂಬಿ ಚೆಲ್ಲುವ ಸಂಭವವಿದೆ. ಕೊಳವೆಯ ಮೇಲ್ಭಾಗದಲ್ಲಿ, ಪಾಚಿಕೋಣೆಯ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ, ಒಂದು ಚಿಕ್ಕ ರಂಧ್ರ ಕೊರೆದರೆ ನೀರು ಅಷ್ಟು ಇಳಿದೊಡನೆ ಗಾಳಿ ಒಳಸೇರಿ ಹರಿವು ನಿಲ್ಲುತ್ತದೆ. ಉಪ್ಪುನೀರು ವಿದ್ಯುತ್ತಿನ ಉತ್ತಮ ವಾಹಕವೆಂಬುದನ್ನು ಮರೆಯಬಾರದು. ವಿದ್ಯುತ್ ತಂತಿ ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರುವಂತೆ ಇರಿಸಬೇಕು. ನೀರಿಗೆ ಕೈ ಹಾಕುವ ಮುನ್ನ ಸ್ವಿಚ್ಚು ಆರಿಸಬೇಕು. ಸೋರಿಕೆ ವಿದ್ಯುತ್ತನ್ನು ತಡೆಯುವ ಉಪಕರಣವನ್ನು ಅಳವಡಿಸಿಕೊಳ್ಳುವುದು ಸುರಕ್ಷಿತ.

ಬೆಳಕಿಗೆ 10ರಿಂದ 15 ವಾಟಿನ ಬಿಳಿ ಎಲ್.ಇ.ಡಿ. ದೀಪ ಸಾಕಾಗುತ್ತದೆ. ಇದನ್ನು ಹಗಲಿನ ಬದಲು ರಾತ್ರಿ ಉರಿಸುವುದರಿಂದ ಒಂದು ವಿಶೇಷ ಪ್ರಯೋಜನವಿದೆ. ಮುಖ್ಯ ತೊಟ್ಟಿಯ ದೀಪ ಆರಿದ ಮೇಲೆ ಅಲ್ಲಿನ ಜೀವಿಗಳೆಲ್ಲ ಆಮ್ಲಜನಕವನ್ನು ಬಳಸಿ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತವೆ. ನೀರಿನ ಕ್ಷಾರೀಯತೆಯ ಅಳತೆಯಾದ ಪಿ.ಹೆಚ್. ಬೆಳಗಿನ ಹೊತ್ತಿಗೆ ಇಳಿಯುತ್ತದೆ. ಅದೇ ವೇಳೆಯಲ್ಲಿ ಪಾಚಿಕೋಣೆಯಲ್ಲಿ ದ್ಯುತಿಸಂಶ್ಲೇಷಣೆ ನಡೆದರೆ ಇಂಗಾಲದ ಡೈ ಆಕ್ಸೈಡ್ ಬಳಕೆಯಾಗಿ ಆಮ್ಲಜನಕ ಬಿಡುಗಡೆಯಾಗುತ್ತದೆ, ಈ ಏರಿಳಿತ ಕಡಿಮೆಯಾಗುತ್ತದೆ. ದಿನಕ್ಕೆ 10ರಿಂದ 12 ಗಂಟೆ ಉರಿಸಿದರೆ ಸಾಕು.

ನೀರು ಮತ್ತು ಉಪ್ಪು

ಅಡುಗೆಯ ಉಪ್ಪಿನಿಂದ ಕಡಲನೀರು ತಯಾರಾಗುವುದಿಲ್ಲ. ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್, 10.8 ಗ್ರಾಂ ಸೋಡಿಯಂ ಇರುವುದಲ್ಲದೆ 2.7 ಗ್ರಾಂ ಸಲ್ಫೇಟ್, 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ, 0.4 ಗ್ರಾಂ ಪೊಟ್ಯಾಸಿಯಂ ಮತ್ತು ಅನೇಕ ಸೂಕ್ಷ್ಮ ಧಾತುಗಳಿವೆ. ಇವೆಲ್ಲವನ್ನೂ ಒಳಗೊಂಡ ಮತ್ಸ್ಯಾಲಯದ ಉಪ್ಪಿನ ಮಿಶ್ರಣವನ್ನೇ ಬಳಸಬೇಕು. ನೀರಿನ ಸಾಪೇಕ್ಷ ಸಾಂದ್ರತೆ 1.023ರಿಂದ 1.026ರ ನಡುವೆ ಇರಬೇಕು.

ಉಪ್ಪು ಬೆರೆಸುವ ನೀರೂ ಮುಖ್ಯ. ನಗರದ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ನೈಟ್ರೇಟ್ ಇರುವುದುಂಟು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ವಿಧಿಸಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಮನುಷ್ಯರು ಕುಡಿಯಲು ಯೋಗ್ಯವಾದ ಆ ನೀರನ್ನೇ ತೊಟ್ಟಿಗೆ ಹಾಕಿದರೂ, ಪಾಚಿ ಶ್ರಮಿಸಿ ತೆಗೆದುದರಲ್ಲಿ ಒಂದು ಪಾಲನ್ನು ಮರಳಿ ತುಂಬಿದಂತಾಗಬಹುದು. ಆದುದರಿಂದ ಆರ್.ಓ. ಯಂತ್ರದಿಂದ ಶುದ್ಧೀಕರಿಸಿದ ನೀರನ್ನು ಬಳಸುವುದು ಯೋಗ್ಯ.

ಬೇಸಿಗೆಯ ಎಚ್ಚರಿಕೆ

ನಾಗಪುರದಲ್ಲಿ ಮೇ ತಿಂಗಳಲ್ಲಿ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ತೊಟ್ಟಿಯ ಕಡಲಮೀನುಗಳಿಗೆ ಬೇಕಾದುದು 25ರಿಂದ 27 ಡಿಗ್ರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ ಕಡಲನೀರು ಹಿಡಿದಿಡುವುದು ಸುಮಾರು 6.8 ಮಿಲಿಗ್ರಾಂ ಮಾತ್ರ. 32 ಡಿಗ್ರಿಗೆ ಏರಿದಾಗ ಅದು 6ರ ಸಮೀಪಕ್ಕೆ ಇಳಿಯುತ್ತದೆ. ಇದೇ ವೇಳೆಗೆ ಮೀನಿನ ಉಸಿರಾಟದ ವೇಗ ಹೆಚ್ಚುತ್ತದೆ, ಪಾಚಿಯೂ ಬಾಡತೊಡಗುತ್ತದೆ.

ವಿದರ್ಭದ ಬೇಸಿಗೆಯ ಗಾಳಿ ಒಣಗಾಳಿ. ಮನೆಗಳ ಕಿಟಕಿಗೆ ಕೂರಿಸುವ ಕೂಲರ್ ಅಲ್ಲಿ ಚೆನ್ನಾಗಿ ಕೆಲಸ ಮಾಡುವುದು ಈ ಕಾರಣದಿಂದಲೇ. ತೊಟ್ಟಿಯ ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನಿನ ಗಾಳಿ ಹಾಯಿಸಿದರೆ, ನೀರು ಆವಿಯಾಗುತ್ತ ಕೆಲವು ಡಿಗ್ರಿಗಳಷ್ಟು ತಂಪಾಗುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು, ದಿನವೂ ಆ ಗೆರೆಯವರೆಗೆ ಶುದ್ಧ ಸಿಹಿನೀರನ್ನು ತುಂಬತಕ್ಕದ್ದು; ಉಪ್ಪುನೀರನ್ನು ತುಂಬಿದರೆ ಲವಣತೆ ಏರುತ್ತ ಹೋಗಿ ಮೀನುಗಳಿಗೆ ಹಾನಿಯಾಗುತ್ತದೆ. ವಿದ್ಯುತ್ ಕಡಿತದ ವೇಳೆಗೆ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಸಿದ್ಧವಾಗಿರಬೇಕು.

ವಿಧಾನದ ಮಿತಿಗಳು

ಪಾಚಿ ಎಲ್ಲ ದೋಷಗಳಿಗೂ ಮದ್ದಲ್ಲ. ಅದು ಬ್ಯಾಕ್ಟೀರಿಯಾಗಳಿಗೆ ನೆರವಾಗಬಲ್ಲದೇ ಹೊರತು ಅವುಗಳ ಸ್ಥಾನವನ್ನು ಪೂರ್ತಿಯಾಗಿ ತುಂಬಲಾರದು. ಹೊಸ ತೊಟ್ಟಿಯ ನಾಲ್ಕಾರು ವಾರಗಳ ಕಾಯುವಿಕೆ ಪಾಚಿ ಇದ್ದರೂ ತಪ್ಪದು. ಪಾಚಿಯಿಂದ ಹೊರಸೂಸುವ ದ್ರವ್ಯಗಳಿಂದ ನೀರಿಗೆ ನಸುಹಳದಿ ಬಣ್ಣ ಬರಬಹುದು. ಸಕ್ರಿಯ ಇದ್ದಿಲಿನ ಚಿಕ್ಕ ಚೀಲದಿಂದ ಇದು ನಿವಾರಣೆಯಾಗುತ್ತದೆ. ಕಬ್ಬಿಣ ಮೊದಲಾದ ಸೂಕ್ಷ್ಮ ಧಾತುಗಳನ್ನೂ ಪಾಚಿ ಬಳಸುವುದರಿಂದ, ಅವುಗಳನ್ನು ತುಂಬಿಕೊಡಲು ವಾರದ ನೀರು ಬದಲಾವಣೆಯನ್ನು ಮುಂದುವರಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಕೊಯ್ಲನ್ನು ಮರೆಯುವುದರಲ್ಲಿದೆ. ದಟ್ಟವಾಗಿ ಬೆಳೆದ ಉಂಡೆಯ ಒಳಭಾಗಕ್ಕೆ ಬೆಳಕು ತಲುಪದೆ ಅದು ಕೊಳೆಯತೊಡಗುತ್ತದೆ. 100 ಗ್ರಾಂ ಪಾಚಿ ಕೊಳೆತರೆ ಅದರಲ್ಲಿದ್ದ 0.3 ಗ್ರಾಂ ಸಾರಜನಕ ಮೊದಲು ಅಮೋನಿಯಾ ಆಗಿಯೇ ಹೊರಬರುತ್ತದೆ; ನೂರು ಲೀಟರಿನ ತೊಟ್ಟಿಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂನಷ್ಟು ಅಮೋನಿಯಾ ಸಾರಜನಕ. ಬ್ಯಾಕ್ಟೀರಿಯಾಗಳು ಅದನ್ನು ಕೂಡಲೇ ಅರಗಿಸಲಾರದಿದ್ದರೆ ಮೀನುಗಳ ಸಾವು ಬಹುಮಟ್ಟಿಗೆ ಖಚಿತ. ತಿಂಗಳುಗಟ್ಟಲೆ ಮೀನನ್ನು ಕಾಪಾಡಿದ ಪಾಚಿಯೇ, ನಿರ್ಲಕ್ಷ್ಯಕ್ಕೆ ಒಳಗಾದಾಗ ಒಂದೆರಡು ದಿನದಲ್ಲಿ ಅದನ್ನು ಕೊಲ್ಲಬಹುದು. ಬಹುಕಾಲ ಊರಿಗೆ ಹೋಗುವವರು ಹೊರಡುವ ಮುನ್ನ ಪಾಚಿಯ ಅರ್ಧಭಾಗವನ್ನು ಕೊಯ್ದು ಹೋಗುವುದು ಕ್ಷೇಮ.

ವಾರದ ದಿನಚರಿ

1. ದಿನವೂ ಉಷ್ಣತೆ, ನೀರಿನ ಮಟ್ಟ ಮತ್ತು ಪಂಪಿನ ಹರಿವನ್ನು ಪರಿಶೀಲಿಸುವುದು.
2. ಮೀನುಗಳು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುವುದು.
3. ವಾರಕ್ಕೊಮ್ಮೆ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿ.ಹೆಚ್. ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುವುದು. ಮೊದಲ ಎರಡು ಸೊನ್ನೆ ಇರಬೇಕು, ನೈಟ್ರೇಟ್ 20 ಮಿಲಿಗ್ರಾಂ ಮೀರದಿದ್ದರೆ ಒಳಿತು, ಪಿ.ಹೆಚ್. 8.1ರಿಂದ 8.4ರ ನಡುವೆ ಇರಬೇಕು.
4. ಪಾಚಿಯ ಉಂಡೆಯನ್ನು ತಿರುವಿಹಾಕಿ, ಬೆಳೆದ ಭಾಗವನ್ನು ಕೊಯ್ದು, ಹಿಂಡಿ ತೂಗಿ, ತೂಕವನ್ನು ಬರೆದಿಡುವುದು.
5. ಹತ್ತನೆಯ ಒಂದು ಭಾಗ ನೀರನ್ನು ಬದಲಿಸುವುದು.

ಕೊಯ್ಲಿನ ತೂಕ ಏಕಾಏಕಿ ಇಳಿದರೆ ಬೆಳಕು, ಉಷ್ಣತೆ ಅಥವಾ ಪೋಷಕಾಂಶಗಳಲ್ಲಿ ಏನೋ ಕೊರತೆಯಾಗಿದೆ ಎಂದು ತಿಳಿಯಬೇಕು. ನೈಟ್ರೇಟ್ ಪೂರ್ತಿ ಸೊನ್ನೆಗೆ ಇಳಿದಾಗಲೂ ಪಾಚಿ ಹಸಿವಿನಿಂದ ಬಿಳಿಚಿಕೊಳ್ಳುತ್ತದೆ. ಆಗ ದೀಪದ ಅವಧಿಯನ್ನು ತಗ್ಗಿಸಬೇಕು.

ಕಾನೂನು ಮತ್ತು ಹೊಣೆಗಾರಿಕೆ

ವಿದೇಶದ ಪುಸ್ತಕಗಳಲ್ಲಿ ಶೋಧಕವಾಗಿ ಹವಳದಿಬ್ಬಗಳಿಂದ ತಂದ ಜೀವಂತ ಕಲ್ಲನ್ನು ಬಳಸುವಂತೆ ಸಲಹೆ ಇರುವುದುಂಟು. ನಮ್ಮ ದೇಶದಲ್ಲಿ ಇದಕ್ಕೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲಕುದುರೆ ಮೊದಲಾದುವನ್ನು ಸೇರಿಸಲಾಯಿತು. ಇವುಗಳ ಸಂಗ್ರಹ ಮತ್ತು ಮಾರಾಟ ಶಿಕ್ಷಾರ್ಹ ಅಪರಾಧ. ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಿದ್ದಾರೆ ಎಂಬ ಕಾರಣಕ್ಕೆ ಅದು ಕಾನೂನುಬದ್ಧವಾಗುವುದಿಲ್ಲ. ಸುಟ್ಟ ಮಣ್ಣಿನ ಅಥವಾ ಸರಂಧ್ರ ಸೆರಾಮಿಕ್ ತುಂಡುಗಳು ಬ್ಯಾಕ್ಟೀರಿಯಾಗಳಿಗೆ ಸಾಕಷ್ಟು ನೆಲೆ ಒದಗಿಸುತ್ತವೆ. ಉಳಿದ ಕೆಲಸವನ್ನು ಪಾಚಿ ನಿರ್ವಹಿಸುತ್ತದೆ. ಮೀನುಗಳ ವಿಷಯದಲ್ಲಿಯೂ ಕಡಲಿನಿಂದ ಹಿಡಿದು ತಂದವುಗಳಿಗಿಂತ ಮರಿಕೇಂದ್ರಗಳಲ್ಲಿ ಹುಟ್ಟಿದವುಗಳನ್ನೇ ಆರಿಸಿಕೊಳ್ಳಬೇಕು. ಕ್ಲೌನ್ ಮೀನು ಮತ್ತು ಡ್ಯಾಮ್ಸೆಲ್ ಮೀನುಗಳ ಮರಿಮಾಡುವ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲಿಯೇ ರೂಪಿಸಿದೆ.

ಕೊಯ್ದ ಪಾಚಿಯ ವಿಲೇವಾರಿಯೂ ಅಷ್ಟೇ ಮುಖ್ಯ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಎದುರಿನ ಕಡಲಿನಲ್ಲಿ ಮೊದಲ ಬಾರಿಗೆ ಕಂಡುಬಂದ, ಮತ್ಸ್ಯಾಲಯದ ಒಂದು ತಳಿಯ ಕಾಲರ್ಪ ಪಾಚಿ, ಮುಂದೆ ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಸಾವಿರಾರು ಹೆಕ್ಟೇರು ಹರಡಿ ಸ್ಥಳೀಯ ಸಸ್ಯಗಳನ್ನು ಮುಚ್ಚಿಹಾಕಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ ಕಾಣಿಸಿಕೊಂಡಾಗ ಅದನ್ನು ನಿರ್ಮೂಲ ಮಾಡಲು 2006ರವರೆಗೆ ಶ್ರಮಿಸಬೇಕಾಯಿತು. ನಮ್ಮ ಮನ್ನಾರ್ ಕೊಲ್ಲಿಯಲ್ಲಿಯೂ ಕೃಷಿಗಾಗಿ ತಂದ ಕಪ್ಪಾಫೈಕಸ್ ಪಾಚಿ ಕ್ರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದುದು ವರದಿಯಾಗಿದೆ. ಆದ್ದರಿಂದ ತೊಟ್ಟಿಯ ಪಾಚಿ, ನೀರು, ಮೀನುಗಳನ್ನು ಕಡಲು, ನದಿ, ಕೆರೆ ಅಥವಾ ಮಳೆನೀರಿನ ಚರಂಡಿಗೆ ಎಂದಿಗೂ ಬಿಡಬಾರದು. ಪಾಚಿಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಬಳಿಕವೇ ಕಸದ ಬುಟ್ಟಿಗೆ ಹಾಕಬೇಕು. ಸಿಹಿನೀರಿನಲ್ಲಿ ಹಲವು ಬಾರಿ ತೊಳೆದು ಉಪ್ಪು ಕಳೆದ ಪಾಚಿಯನ್ನು ಸ್ವಲ್ಪ ಪ್ರಮಾಣದಲ್ಲಿ ಕಾಂಪೋಸ್ಟ್ ಗುಂಡಿಗೆ ಸೇರಿಸಬಹುದು.

ಗಾಜಿನ ತೊಟ್ಟಿಯೊಳಗಿನ ಮೀನು ತಾನಾಗಿ ಒಳ್ಳೆಯ ನೀರನ್ನು ಅರಸಿ ಹೋಗಲಾರದು; ಅದು ಉಸಿರಾಡುವ ನೀರಿನ ಹೊಣೆ ಸಂಪೂರ್ಣವಾಗಿ ಸಾಕುವವರದು. ದಿನಕ್ಕೆ ಕೆಲವು ನಿಮಿಷಗಳ ಗಮನವನ್ನೂ ವಾರಕ್ಕೊಂದು ಕೊಯ್ಲನ್ನೂ ತಪ್ಪದೆ ನಡೆಸಬಲ್ಲವರು ಕಳಮನಾದಂತಹ ಕಡುಬೇಸಿಗೆಯ ಊರಿನಲ್ಲಿಯೂ ಈ ಹವ್ಯಾಸವನ್ನು ಕೈಗೊಳ್ಳಬಹುದು. ಅಷ್ಟು ಬಿಡುವಿಲ್ಲದವರು ತೊಟ್ಟಿಯನ್ನು ಕೊಳ್ಳುವ ಮುನ್ನವೇ ಇದನ್ನು ಯೋಚಿಸಿಕೊಳ್ಳುವುದು ಉಚಿತ.